ಬ್ಯಾಸ್ಕೆಟ್‌ಬಾಲ್ ಶೂ: ಆಟಕ್ಕೂ ಕಾಲೇಜಿಗೂ ಒಂದೇ ಜೊತೆ ಆಗುತ್ತದಾ?

ನೀವು ಕೇಳಿದ್ದು ಇಷ್ಟು. ಊರು ವಿರಾಜಪೇಟೆ, ಓದು ಪಿಯುಸಿ, ಕೈಯಲ್ಲಿರುವುದು 6,000 ರೂಪಾಯಿ. ಮೈಸೂರಿನ ಅಂಗಡಿಯಲ್ಲಿ ಬಿಳಿ ಬಣ್ಣದ, ಕಣಕಾಲು ಮುಚ್ಚುವ ಹೈ ಆಂಕಲ್ ಬ್ಯಾಸ್ಕೆಟ್‌ಬಾಲ್ ಶೂ ನೋಡಿ ಮನಸ್ಸು ಹೋಗಿದೆ. ಅದರ ಸೋಲ್ ಗಾಜಿನ ಹಾಗೆ ತಿಳಿಯಾಗಿದೆ. ಆಟಕ್ಕೂ ಆಗಬೇಕು, ಕಾಲೇಜಿಗೂ ಚೆಂದ ಕಾಣಬೇಕು. ತಗೊಳ್ಳಲಾ ಬೇಡವಾ?

ಕಾಲೇಜಿಗೆ ಅಂದರೆ ಧಾರಾಳವಾಗಿ ತಗೊಳ್ಳಿ. ನಮ್ಮ ಕಡೆಯ ಕೋರ್ಟಿಗೆ ಅಂದರೆ ಬೇಡ. ಎರಡಕ್ಕೂ ಅದೊಂದೇ ಅಂದರೆ ಆರು ತಿಂಗಳಲ್ಲಿ ಎರಡಕ್ಕೂ ಇರುವುದಿಲ್ಲ.

ನಾನು ಗೋಣಿಕೊಪ್ಪದ ಹತ್ತಿರದವನು. 1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಹತ್ತಿರ ಬಂದರೆ ಇಲ್ಲಿ ಬೇರೆ ಮಾತೇ ಇರುವುದಿಲ್ಲ. ಅಂಥ ಊರಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದವನು ನಾನು. "ಎಲ್ಲೋ ನಿನ್ನ ಸ್ಟಿಕ್ಕು?" ಅಂತ ದೊಡ್ಡಪ್ಪ ಇವತ್ತಿಗೂ ಕಾಲೆಳೆಯುತ್ತಾರೆ. ಸಿಮೆಂಟ್ ಕೋರ್ಟಿನಲ್ಲಿ ಹದಿನೈದು ವರ್ಷ ಆಡಿದ್ದೇನೆ. ಶೂ ಆರಿಸೋದು ಕಲಿತದ್ದು ಶೂ ಹಾಳು ಮಾಡಿಕೊಂಡೇ.

ಅಂಗಡಿಯಲ್ಲಿ ಎಲ್ಲರೂ ಶೂವನ್ನು ಮೇಲಿನಿಂದ ನೋಡುತ್ತಾರೆ. ನೀವು ಮೊದಲು ತಲೆಕೆಳಗು ಮಾಡಿ. ಸೋಲ್ ಮೇಲೆ ಅಂಕುಡೊಂಕಾದ ಗೆರೆಗಳಿವೆಯಾ ನೋಡಿ. ಇದಕ್ಕೆ ಹೆರಿಂಗ್‌ಬೋನ್ ಅನ್ನುತ್ತಾರೆ. ಓಡುತ್ತಾ ಓಡುತ್ತಾ ಗಕ್ಕನೆ ನಿಂತರೂ, ಪಕ್ಕಕ್ಕೆ ಜಿಗಿದರೂ ಯಾವುದೋ ಒಂದು ಗೆರೆ ನೆಲ ಕಚ್ಚುತ್ತದೆ. ಆಮೇಲೆ ಗೆರೆಗಳ ನಡುವೆ ಉಗುರು ಇಟ್ಟು ನೋಡಿ. ಉಗುರು ಚೆನ್ನಾಗಿ ಇಳಿದರೆ ಒಳ್ಳೆಯದು. ತೆಳು ಗೆರೆಗಳಾದರೆ ನಮ್ಮ ಕೆಂಪು ಧೂಳು ಕೂತು ಹತ್ತು ನಿಮಿಷದಲ್ಲಿ ಸೋಲ್ ನುಣ್ಣಗಾಗುತ್ತದೆ. ಇನ್ನು ರಬ್ಬರ್ ಮೇಲೆ ಉಗುರು ಒತ್ತಿ. ಮೆತ್ತಗೆ ಅಂಟಂಟಾಗಿದ್ದರೆ ಅದು ಒಳಾಂಗಣದ ಮರದ ನೆಲಕ್ಕೆ ಮಾಡಿದ್ದು. ಅಲ್ಲಿ ಅದಕ್ಕಿಂತ ಚೆನ್ನಾದ್ದು ಬೇರೆ ಇಲ್ಲ. ಸಿಮೆಂಟ್ ಅದನ್ನು ಉಪ್ಪುಕಾಗದದ ಹಾಗೆ ತಿಂದುಹಾಕುತ್ತದೆ. ತಿಳಿ ಸೋಲ್‌ಗಳಲ್ಲಿ ಜಾಸ್ತಿ ಇಂಥವೇ. ಮೇಲಾಗಿ ಅವು ಬರಬರುತ್ತಾ ಹಳದಿ ತಿರುಗುತ್ತವೆ, ಅಂದರೆ ನೀವು ಯಾವ ಚೆಂದಕ್ಕೆ ಮರುಳಾದಿರೋ ಆ ಚೆಂದವೂ ಹೋಗುತ್ತದೆ. ನಮಗೆ ಬೇಕಾದ್ದು ಗಟ್ಟಿ ರಬ್ಬರು, ಆಳವಾದ ಗೆರೆ.

ಮಳೆಗಾಲದ ಮಾತು ಬೇರೆ. ಪಾಚಿ ಕಟ್ಟಿದ ಕೋರ್ಟಿನಲ್ಲಿ ಯಾವ ಶೂವೂ ನಿಲ್ಲುವುದಿಲ್ಲ. ಒದ್ದೆ ಸಿಲ್ವರ್ ಓಕ್ ಎಲೆ ಮೇಲೂ ಅಷ್ಟೇ. ಗುಡಿಸಿ, ಒಣಗಿದ ಮೇಲೆ ಆಡಿ.

ಸೋಲ್ ಒಪ್ಪಿಗೆಯಾದರೆ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ. ಮಡಚಿದರೆ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುಮಧ್ಯದಲ್ಲಿ ಅಲ್ಲ. ಹಿಮ್ಮಡಿಯ ಹಿಂಭಾಗ ಚಿವುಟಿದರೆ ಗಟ್ಟಿಯಾಗಿರಬೇಕು. ಕಿರುಬೆರಳಿನ ಕಡೆ ಸೋಲ್ ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೆ ಇನ್ನೂ ಒಳ್ಳೆಯದು, ಪಕ್ಕಕ್ಕೆ ಕಾಲೂರಿದಾಗ ಪಾದ ಹೊರಳದ ಹಾಗೆ ತಡೆಯುತ್ತದೆ. ಓಡುವ ಶೂ ಹಾಕಿ ಈ ಆಟ ಆಡಬೇಡಿ ಅನ್ನೋದು ಇದಕ್ಕೇ. ಅದರ ಹಿಮ್ಮಡಿ ಎತ್ತರ, ಮೆತ್ತಗೆ. ಅದು ಮುಂದಕ್ಕೆ ಓಡೋದಕ್ಕೆ ಮಾಡಿದ್ದು. ಮನೆಯಲ್ಲಿ ಅಣ್ಣನ ಹಾಕಿ ಟರ್ಫ್ ಶೂ ಬಿದ್ದಿದೆ ಅಂತ ಅದನ್ನೂ ಹಾಕಬೇಡಿ. ಆ ಸಣ್ಣ ಗುಬುಟುಗಳು ಸಿಮೆಂಟ್ ಮೇಲೆ ಜಾರುತ್ತವೆ, ಬೇಗ ಸವೆಯುತ್ತವೆ.

ಹೈ ಆಂಕಲ್ ಇದ್ದರೆ ಕಾಲು ಉಳುಕುವುದಿಲ್ಲ ಅಂತ ಅಂಗಡಿಯವರು ಹೇಳೇ ಹೇಳುತ್ತಾರೆ. ನಾನೂ ನಂಬಿದ್ದೆ. 1993ರಲ್ಲಿ ಅಮೆರಿಕದಲ್ಲಿ 622 ಕಾಲೇಜು ಆಟಗಾರರಿಗೆ ಬೇರೆ ಬೇರೆ ಎತ್ತರದ ಶೂ ಕೊಟ್ಟು ಆಡಿಸಿ ನೋಡಿದರು. ಉಳುಕುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ 2008–09ರ ಸೀಸನ್ನಿಗೆ ಫುಟ್‌ಬಾಲ್ ಆಟಗಾರರನ್ನು ನೋಡಿ ಗಿಡ್ಡ ಶೂ ಮಾಡಿಸಿಕೊಂಡರು. ಹಾಗಾಗಿ ಎತ್ತರ ನಿಮ್ಮಿಷ್ಟ. ಹಿಮ್ಮಡಿ ಒಳಗೆ ಅಲುಗಾಡಬಾರದು, ಅದು ಮುಖ್ಯ.

ಸೈಜ್ ನೋಡೋಕೆ ಸಂಜೆ ಹೋಗಿ. ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ, ಆಟದಲ್ಲೂ ಹಾಗೇ. ಆಡುವಾಗ ಹಾಕುವ ದಪ್ಪ ಸಾಕ್ಸ್ ಜೇಬಲ್ಲಿ ಇರಲಿ. ಎರಡೂ ಶೂ ಹಾಕಿ, ಲೇಸು ಬಿಗಿದು, ಅಂಗಡಿಯಲ್ಲೇ ನಾಲ್ಕು ಸಲ ಜಿಗಿಯಿರಿ. ನಾಚಿಕೆ ಬೇಡ. ಬೆರಳ ತುದಿಯಲ್ಲಿ ಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗ ಸಾಕು. ಬ್ರೇಕ್ ಹಾಕಿದಾಗ ಉಗುರು ಮುಂದೆ ಬಡಿದರೆ ಎರಡೇ ವಾರದಲ್ಲಿ ಕಪ್ಪಾಗುತ್ತದೆ. ಡಬ್ಬಿ ಮೇಲೆ ಯುಕೆ, ಯುಎಸ್ ಎರಡೂ ನಂಬರ್ ಇರುತ್ತದೆ. ಯುಎಸ್ ನಂಬರ್ ಅರ್ಧ ಅಥವಾ ಒಂದು ಜಾಸ್ತಿ. ಕಂಪನಿ ಬದಲಾದರೆ ಸೆಂಟಿಮೀಟರ್ ಲೆಕ್ಕವೇ ವಾಸಿ.

ಕುಶನ್ ಬಗ್ಗೆ ಜಾಹೀರಾತಿನಲ್ಲಿ ಇಲ್ಲದ್ದೆಲ್ಲ ಬರೆಯುತ್ತಾರೆ. ನಿಮ್ಮ ವಯಸ್ಸಿಗೆ ಅದಕ್ಕಾಗಿ 2,000 ಜಾಸ್ತಿ ಕೊಡಬೇಡಿ. ನನ್ನ ಮಂಡಿಗಾದರೆ ಬೇಕು.

ಇನ್ನೊಂದು ಸಂಗತಿ ಮೈಸೂರಿನವರು ಹೇಳುವುದಿಲ್ಲ. ದುಬೈಯಿಂದ ಬಂದ ಚಿಕ್ಕಪ್ಪನ ಮಗ ನನಗೊಂದು ಶೂ ತಂದುಕೊಟ್ಟಿದ್ದ. ಬೆಲೆ ಕೇಳಿ ಹಾಕಲು ಮನಸ್ಸಾಗದೆ ಡಬ್ಬಿ ಸಮೇತ ಬೀರು ಮೇಲೆ ಇಟ್ಟೆ. ಎರಡು ಮಳೆಗಾಲ ಅಲ್ಲೇ ಇತ್ತು. ಪುತ್ತರಿ ಹಬ್ಬದ ರಜೆಯಲ್ಲಿ ತೆಗೆದೆ. ಮೇಲೆ ಸ್ವಲ್ಪ ಬೂಷ್ಟು, ಒರೆಸಿದೆ, ಹೊಸದರ ಹಾಗೆ ಹೊಳೆಯಿತು. ಮೂರನೇ ಜಿಗಿತಕ್ಕೆ ಬಲಗಾಲಿನ ಸೋಲ್ ನೆಲದಲ್ಲೇ ಉಳಿಯಿತು, ನಾನು ಮೇಲೆ. ಕೆಳಗೆ ಬಂದು ನೋಡಿದರೆ ನಡುವಿನ ಫೋಮ್ ಚಹಾದಲ್ಲಿ ಜಾಸ್ತಿ ಹೊತ್ತು ಅದ್ದಿದ ರಸ್ಕಿನ ಹಾಗೆ ಬೆರಳಿಗೆ ಉದುರುತ್ತಿತ್ತು. ಪಾಲಿಯುರೆಥೇನ್ ಅನ್ನುವ ಫೋಮ್ ಗಾಳಿಯ ತೇವ ಕುಡಿದು ಒಳಗೊಳಗೇ ಕೊಳೆಯುತ್ತದಂತೆ, ಹಾಕದೆ ಇಟ್ಟರೂ. ಡಿಸ್ಕೌಂಟಿನಲ್ಲಿ ಹಳೇ ಸ್ಟಾಕ್ ಕೊಟ್ಟರೆ ಎಚ್ಚರ. ಕೆಲವು ಕಂಪನಿಗಳು ಶೂ ನಾಲಿಗೆಯ, ಅಂದರೆ ಲೇಸಿನ ಕೆಳಗಿನ ಪಟ್ಟಿಯ, ಒಳಗಿನ ಚೀಟಿಯಲ್ಲಿ ತಯಾರಾದ ತಾರೀಕು ಹಾಕಿರುತ್ತಾರೆ, ಓದಿ. ಒದ್ದೆಯಾದರೆ ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗೆ ಇಡಿ. ಒಲೆ ಹತ್ತಿರ ಬೇಡ, ಅಂಟು ಬಿಡುತ್ತದೆ. ನಮ್ಮಮ್ಮ ಒಂದು ಜೊತೆ ಹಾಗೆ ಬೇಯಿಸಿದ್ದಾರೆ.

ಸ್ಟೈಲ್ ಬೇಡ ಅಂತ ನಾನು ಹೇಳುತ್ತಿಲ್ಲ. ನೈಕಿ ಕಂಪನಿಯ 1985ರ ಏರ್ ಜೋರ್ಡಾನ್ ಶೂಗೆ ಜನ ಇವತ್ತಿಗೂ ಬೀಳುವುದು ಸುಮ್ನೆ ಅಲ್ಲ, ಅದರ ಬಣ್ಣಗಳ ಜೋಡಣೆ ಅಷ್ಟು ಚೆಂದ. ಆದರೆ ಇವತ್ತಿನ ಶೂಗಳ ಮುಂದೆ ಅದು ಆಡೋಕೆ ಬಿರುಸು, ಚಪ್ಪಟೆ. 1917ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೆಂದೇ ಬಂದ ಕಾನ್ವರ್ಸ್ ಆಲ್ ಸ್ಟಾರ್ ಈಗ ಜೀನ್ಸಿನ ಜೊತೆಗಾರ. ಅಂಥವನ್ನು ಚೆಂದಕ್ಕೇ ತಗೊಳ್ಳಿ, ತಪ್ಪೇನಿಲ್ಲ. ಆಟದ ಶೂನಲ್ಲಿ ಬಿಳಿ ಮಾತ್ರ ಬಿಟ್ಟುಬಿಡಿ. ನಮ್ಮ ಮಣ್ಣು ಜಾಳಿಗೆ ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ಸ್ವೇಡ್ ಅನ್ನುವ ಮೆತ್ತನೆ ತೊಗಲು ಅಂತೂ ಜುಲೈನಲ್ಲಿ ಬೂಷ್ಟಿಗೆ ಹಬ್ಬ. ಕಪ್ಪು, ಕಡು ನೀಲಿ, ಬೂದು ಬಣ್ಣ ವಾಸಿ. ಕಾಫಿ ಕಂದು ಸಿಕ್ಕರೆ ಇನ್ನೂ ವಾಸಿ, ಕೊಳೆ ಆಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ನಿಮ್ಮ 6,000ದಲ್ಲಿ ನಾನಾದರೆ ಏನು ಮಾಡುತ್ತಿದ್ದೆ? ನಾಲ್ಕು ಸಾವಿರದ ಒಳಗೆ ಗಟ್ಟಿ ಸೋಲಿನ ಸಾದಾ ಜೊತೆ ಹುಡುಕುತ್ತಿದ್ದೆ. ನಿವಿಯಾ, ಡೆಕಾತ್ಲಾನ್ ಇಂಥ ಕಂಪನಿಗಳ ಶೂಗಳನ್ನೂ ತಲೆಕೆಳಗು ಮಾಡಿ ನೋಡುತ್ತಿದ್ದೆ. ಉಳಿದ ದುಡ್ಡಿಗೆ ಕಾಲೇಜಿಗೊಂದು ಸಾಧಾರಣ ಬಿಳಿ ಶೂ. ಆಟದ ಶೂ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುವುದು ಬೇಡ, ಡಾಂಬರು ರಸ್ತೆಯಲ್ಲೇ ಅರ್ಧ ಗ್ರಿಪ್ ಸವೆದುಹೋಗುತ್ತದೆ. ನಾನು ಈಗಲೂ ಕೋರ್ಟಿನವರೆಗೆ ಹವಾಯಿ ಚಪ್ಪಲಿಯಲ್ಲೇ ಹೋಗುತ್ತೇನೆ, ಶೂ ಬ್ಯಾಗಿನಲ್ಲಿ.