ಜಗಳವಾದರೂ ದೇವರ ಹತ್ತಿರವೇ ಆಡಿ

ಪ್ರಶ್ನೆ: ಅಕ್ಕ, ನನಗೆ 41 ವರ್ಷ. ನಮ್ಮ ಯಜಮಾನರಿಗೆ ಎರಡು ವರ್ಷದಿಂದ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರ ಆಟೋ ಮಾರಿದೆವು, ನನ್ನ ಸರ ಅಡವಿನಲ್ಲಿದೆ. ಮೊದಲು ಉಪವಾಸ ಪ್ರಾರ್ಥನೆ ಮಾಡಿದೆ, ಸಭೆಯವರೂ ಮನೆಗೆ ಬಂದು ಪ್ರಾರ್ಥಿಸಿದರು. ಈಗ ಬರುವವರು ಕಡಿಮೆ. ಒಬ್ಬರು "ಮನೆಯಲ್ಲಿ ಅರಿಕೆ ಮಾಡದ ಪಾಪ ಏನೋ ಇದೆ, ಹುಡುಕಿ" ಎಂದರು. ಒಂದು ಸ್ವಸ್ಥತೆಯ ಕೂಟದಲ್ಲಿ "ನಂಬಿಕೆ ಇದ್ದರೆ ಡಯಾಲಿಸಿಸ್ ಬಿಟ್ಟು ನೋಡಿ" ಎಂದರು. ಈಗ ಮೊಣಕಾಲೂರಿದರೆ ಮಾತೇ ಬರುವುದಿಲ್ಲ, ಸಿಟ್ಟು ಬರುತ್ತದೆ. ಮೂರು ತಿಂಗಳಿಂದ ಆರಾಧನೆಗೂ ಹೋಗಿಲ್ಲ. ನನ್ನ ನಂಬಿಕೆ ಸತ್ತೇ ಹೋಯಿತಾ?

ಉತ್ತರ: ತಂಗಿ, ಬೇರೆ ಮಾತಿಗಿಂತ ಮೊದಲು ಒಂದು ಹೇಳಿಬಿಡುತ್ತೇನೆ. ಡಯಾಲಿಸಿಸ್ ಬಿಡಬೇಡಿ. ಒಂದು ಸಲವೂ ತಪ್ಪಿಸಬೇಡಿ. ಕಿಡ್ನಿ ಕೆಲಸ ಮಾಡದಿದ್ದಾಗ ಮೈಯಲ್ಲಿ ನೀರು ನಿಂತು ಶ್ವಾಸಕೋಶಕ್ಕೆ ತುಂಬಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಬಿಡಿ ಎಂದು ಹೇಳಿದವರು ಆ ರಾತ್ರಿ ನಿಮ್ಮ ಮನೆಯಲ್ಲಿ ಇರುವುದಿಲ್ಲ. ಆರೋಗ್ಯವಾಗಿರುವವರಿಗೆ ವೈದ್ಯ ಬೇಡ, ರೋಗಿಗಳಿಗೆ ಬೇಕು ಎಂದು ಹೇಳಿದ್ದು ಯೇಸುಸ್ವಾಮಿಯೇ ಅಲ್ವಾ? ಊರೂರು ತಿರುಗಿ ಸುವಾರ್ತೆ ಸಾರಿದ ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ಒಬ್ಬ ವೈದ್ಯ. ಅದೇ ಪೌಲ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ತ್ರೊಫಿಮನನ್ನು ಕಾಯಿಲೆಯಾಗಿದ್ದ ಕಾರಣ ಮಿಲೇತದಲ್ಲಿ ಬಿಟ್ಟು ಬಂದೆ ಎಂದೂ ಬರೆದ. ಎಷ್ಟೋ ಜನರನ್ನು ಗುಣಪಡಿಸಿದ ಅಪೊಸ್ತಲನಿಗೆ ತನ್ನ ಜೊತೆಗಾರನನ್ನು ಆ ದಿನ ಎಬ್ಬಿಸಿ ನಿಲ್ಲಿಸಲು ಆಗಲಿಲ್ಲ. ಅದಕ್ಕಾಗಿ ಅವನು ತ್ರೊಫಿಮನ ನಂಬಿಕೆಯನ್ನು ಒಂದು ಮಾತಿನಲ್ಲೂ ಬಯ್ಯಲಿಲ್ಲ.

ಇನ್ನು ಆ ಪಾಪದ ಮಾತು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು, ಏಕೆಂದರೆ ಇದೇ ಮಾತನ್ನು ನಾನೂ ಕೇಳಿದ್ದೇನೆ. ನಮ್ಮ ಅಮ್ಮ ಪಾರ್ಶ್ವವಾಯು ಬಡಿದು ಆರು ವರ್ಷ ಮಲಗಿದ್ದರು. ಒಂದು ಭಾನುವಾರ ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಒಬ್ಬರು ನನ್ನ ಕೈ ಹಿಡಿದುಕೊಂಡು, ಬಹಳ ಪ್ರೀತಿಯಿಂದಲೇ, "ಅಮ್ಮ ಯಾರನ್ನೋ ಕ್ಷಮಿಸಿಲ್ಲ ಅನ್ನಿಸುತ್ತದೆ, ಕೇಳಿ ನೋಡು" ಎಂದರು. ಆಗ ಅಮ್ಮನಿಗೆ ಮಾತೇ ಹೊರಡುತ್ತಿರಲಿಲ್ಲ. ಏನಂತ ಕೇಳಲಿ? ಮನೆಗೆ ಬಂದು ಅವರ ಬೆನ್ನಿಗೆ ಪೌಡರ್ ಹಾಕುತ್ತಾ ಅತ್ತುಬಿಟ್ಟೆ.

ಹುಟ್ಟುಕುರುಡನನ್ನು ನೋಡಿದಾಗ ಶಿಷ್ಯರು ಕೇಳಿದ್ದು ಇದನ್ನೇ. ಯಾರ ಪಾಪ, ಇವನದೋ, ಇವನ ತಂದೆತಾಯಿಯದೋ? ಯೇಸು, ಇವನದೂ ಅಲ್ಲ, ಅವರದೂ ಅಲ್ಲ ಎಂದುಬಿಟ್ಟರು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ನೋಡಿ. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ನಾವು ಕಾಯಿಲೆಯ ಮನೆಗೆ ಹೋದಾಗಲೆಲ್ಲ ಅದೇ ಹಳೇ ಪ್ರಶ್ನೆ ಹೊತ್ತುಕೊಂಡು ಹೋಗುತ್ತೇವೆ.

ಏನೂ ತಪ್ಪು ಮಾಡದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯಲ್ಲೂ ಇದೇ ಆಗಿದ್ದು. ಯೋಬನ ತಾಳ್ಮೆ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಅಧ್ಯಾಯವನ್ನಷ್ಟೇ ಓದಿದವರಿಗೆ ಹಾಗೆ ಕಾಣುತ್ತದೆ. ಆದರೆ ಪುಸ್ತಕದಲ್ಲಿರುವುದು 42 ಅಧ್ಯಾಯ. ಮೂರನೆಯದರಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಆಮೇಲೆ ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ನ್ಯಾಯ ಕೇಳುತ್ತಾನೆ, ನನ್ನ ಮೇಲೆ ಯಾಕೆ ಬಾಣ ಬಿಡುತ್ತಿದ್ದೀ ಎಂದು ಕೂಗಾಡುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಮಾತ್ರ ದೇವರ ಪರವಾಗಿ ಬಹಳ ಭಕ್ತಿಯಿಂದ ಮಾತನಾಡುತ್ತಾರೆ. ನೀನು ಏನೋ ತಪ್ಪು ಮಾಡಿರಬೇಕು, ಒಪ್ಪಿಕೋ, ಸರಿಹೋಗುತ್ತದೆ ಎನ್ನುತ್ತಾರೆ. ಕೊನೆಗೆ ದೇವರಿಗೆ ಸಿಟ್ಟು ಬಂದಿದ್ದು ಯಾರ ಮೇಲೆ? ಆ ಮೂವರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದ್ದು ಯೋಬನೇ ಹೊರತು ನೀವಲ್ಲ ಎಂದುಬಿಟ್ಟ. ಅಷ್ಟೆಲ್ಲ ಕೂಗಾಡಿದವನು ಸರಿ, ದೇವರ ಪರ ವಾದಿಸಿದವರು ತಪ್ಪು. ಇದನ್ನು ಮೊದಲ ಸಲ ಗಮನವಿಟ್ಟು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ನೆ ಕುಳಿತಿದ್ದೆ.

ಯಾಕೆ ಹಾಗೆ ಎಂದು ಯೋಚಿಸಿದಾಗ ನನಗೆ ತೋಚಿದ್ದು ಇದು. ಸ್ನೇಹಿತರು ದೇವರ ಬಗ್ಗೆ ಮಾತನಾಡುತ್ತಿದ್ದರು, ಯೋಬ ದೇವರ ಹತ್ತಿರ ಮಾತನಾಡುತ್ತಿದ್ದ. ನಿಮಗೆ ಸಿಟ್ಟು ಬರುತ್ತಿದೆ ಎಂದಿರಿ. ಇಲ್ಲದವನ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದಾ? ಅವನು ಇದ್ದಾನೆ, ಕೇಳಿಸಿಕೊಳ್ಳುತ್ತಾನೆ, ಏನಾದರೂ ಮಾಡಬಲ್ಲವನಾಗಿದ್ದೂ ಮಾಡುತ್ತಿಲ್ಲ ಎಂದೇ ತಾನೇ ನಿಮಗೆ ಸಂಕಟ? ನಂಬಿಕೆ ಸತ್ತವರಿಗೆ ಈ ಸಂಕಟ ಇರುವುದಿಲ್ಲ ತಂಗಿ.

ಕೀರ್ತನೆಗಳಲ್ಲಿ 88ನೆಯದನ್ನು ಓದಿ. ದುಃಖದ ಕೀರ್ತನೆಗಳು ಬಹಳ ಇವೆ, ಹೆಚ್ಚಿನವು ಕೊನೆಗೆ ಬರುವ ಹೊತ್ತಿಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಬರೆದವನು ಹಗಲೂ ರಾತ್ರಿಯೂ ಕೂಗುತ್ತೇನೆ ಎನ್ನುತ್ತಾನೆ, ಬೆಳಗಾದರೆ ಮತ್ತೆ ಬಂದು ನಿಲ್ಲುತ್ತೇನೆ ಎನ್ನುತ್ತಾನೆ. ಅಮ್ಮ ಮಲಗಿದ್ದ ಕೊನೆಯ ವರ್ಷ ನನಗೆ ಬೇರೆ ಯಾವ ಪ್ರಾರ್ಥನೆಯೂ ಬರುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಅವರನ್ನು ಹೊರಳಿಸಿ ಮಲಗಿಸಿ, "ಸ್ವಾಮಿ, ನೋಡು" ಎಂದಷ್ಟೇ ಹೇಳುತ್ತಿದ್ದೆ. ಎರಡೇ ಪದ. ಎಷ್ಟೋ ತಿಂಗಳು ಅದೇ. ಯೇಸುವೂ ಸೆರೆಯಾಗುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಮೂರು ಸಲ ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆದಿದ್ದಾನೆ. ಶಿಲುಬೆಯ ಮೇಲೆ ಯಾಕೆ ನನ್ನ ಕೈಬಿಟ್ಟೆ ಎಂದೇ ಕೂಗಿದರು. ಆ ಕೂಗೂ "ನನ್ನ ದೇವರೇ" ಎಂದೇ ಶುರುವಾಗುತ್ತದೆ.

ಅವರು ಗುಣವಾಗುತ್ತಾರಾ ಎಂದು ನೀವು ಕೇಳಿಲ್ಲ, ಆದರೆ ಕಾಗದದ ಒಳಗೆಲ್ಲ ಅದೇ ಪ್ರಶ್ನೆ ಇದೆ. ನಾನು ಮಾತು ಕೊಡಲಾರೆ. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದಲ್ಲಿ ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೇವದೂತ ಸೆರೆಮನೆಯಿಂದ ಹೊರಗೆ ಕರೆತರುತ್ತಾನೆ. ಇಬ್ಬರೂ ಯೇಸುವಿನ ಶಿಷ್ಯರು, ಒಂದೇ ಸಭೆಯವರು. ಯಾಕೋಬನ ತಾಯಿಗೆ ನಂಬಿಕೆ ಕಡಿಮೆಯಿತ್ತು ಎಂದು ಅಲ್ಲಿ ಬರೆದಿಲ್ಲ. ಯಾಕೆ ಒಬ್ಬನಿಗೆ ಹಾಗೆ, ಇನ್ನೊಬ್ಬನಿಗೆ ಹೀಗೆ ಎಂದೂ ಬರೆದಿಲ್ಲ. ಪೌಲನೂ ತನ್ನ ಮೈಯಲ್ಲಿದ್ದ ಮುಳ್ಳು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂತು. ಈ ವಚನವನ್ನು ಗೋಡೆಗೆ ಹಾಕುವುದು ಸುಲಭ, ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಒಪ್ಪಿಕೊಳ್ಳುವುದು ಬಹಳ ಕಷ್ಟ. ಇವತ್ತೇ ಒಪ್ಪಿಕೊಳ್ಳಬೇಕೆಂದಿಲ್ಲ.

ನಿಮಗೆ ಪ್ರಾರ್ಥಿಸಲು ಆಗದಿದ್ದರೆ ಬೇರೆಯವರು ನಿಮ್ಮ ಪರವಾಗಿ ಪ್ರಾರ್ಥಿಸಲಿ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು ಚಾವಣಿ ಬಿಚ್ಚಿ ಕೆಳಗಿಳಿಸಿದರಲ್ಲ, ಅಲ್ಲಿ ಯೇಸು ನೋಡಿದ್ದು "ಅವರ ನಂಬಿಕೆಯನ್ನು" ಎಂದು ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ. ನಿಮ್ಮ ಸಭೆಯಲ್ಲಿ ಉಪದೇಶ ಮಾಡದೆ ಹೊರುವಂಥ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅವರಿಗೆ ಮಾತ್ರ ಹೇಳಿ. ಆರಾಧನೆಗೆ ಹೋಗಲು ಮನಸ್ಸಾದ ದಿನ ತಡವಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು, ಯಾರೂ ಮಾತನಾಡಿಸುವ ಮೊದಲೇ ಎದ್ದು ಬನ್ನಿ. ಹಾಡಲು ಆಗದಿದ್ದರೆ ಹಾಡಬೇಡಿ, ಉಳಿದವರು ಹಾಡುವುದನ್ನು ಕೇಳಿಸಿಕೊಳ್ಳಿ.

ಖಾಸಗಿ ಆಸ್ಪತ್ರೆಗೆ ದುಡ್ಡು ಕೊಡುತ್ತಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಯೋಜನೆ 2016ರಿಂದ ಇದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಕಸಿ ಮಾಡಬಹುದಾ ಎಂದೂ ಡಾಕ್ಟರನ್ನು ಕೇಳಿ. ದಾನಿಗಳಿಂದ ಬರುವ ಅಂಗಾಂಗಗಳ ಹಂಚಿಕೆಯನ್ನು ರಾಜ್ಯದಲ್ಲಿ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ, ಆಸ್ಪತ್ರೆಯ ಮೂಲಕವೇ ಹೆಸರು ಬರೆಸಬೇಕು. ಇನ್ನೊಂದು, ರಾತ್ರಿ ನಿದ್ದೆ ಬಾರದೆ ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತನಾಡುತ್ತಾರೆ. ಪ್ರವಾದಿ ಎಲೀಯ ಗಿಡದ ಕೆಳಗೆ ಕುಳಿತು ಸಾವು ಬೇಡಿದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟು, ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟ. ನೀವೂ ಊಟ ಬಿಡಬೇಡಿ.

ಪ್ರಶ್ನೆ: ಅಕ್ಕ, ಕೆಲಸ ಹೋಗಿ ಎಂಟು ತಿಂಗಳಾಯಿತು. ಎಲ್ಲರೂ ಯೆರೆಮೀಯ 29:11 ಕಳಿಸುತ್ತಾರೆ, ದೇವರು ನಿನಗಾಗಿ ಒಳ್ಳೆಯದನ್ನೇ ಯೋಚಿಸಿದ್ದಾನೆ ಎಂದು. ಓದಿದರೆ ಈಗೀಗ ಕಿರಿಕಿರಿಯಾಗುತ್ತದೆ. ದಶಮಾಂಶ ಕೊಡಲೂ ಆಗುತ್ತಿಲ್ಲ, ಅದಕ್ಕೇ ಹೀಗಾಗುತ್ತಿದೆಯಾ?

ಉತ್ತರ: ತಮ್ಮಾ, 11ನೇ ವಚನ ಕಳಿಸುವವರು 10ನೆಯದನ್ನೂ ಕಳಿಸಬೇಕಿತ್ತು. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ಎಂದಿದೆ ಅಲ್ಲಿ. ಅದು ಯೆರೆಮೀಯ ಸೆರೆ ಹೋದವರಿಗೆ ಬರೆದ ಪತ್ರ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ಅದರ ಹಿಂದಿನ ಅಧ್ಯಾಯದಲ್ಲಿ ಹೇಳಿದ್ದ, ಜನಕ್ಕೂ ಅದೇ ಬೇಕಾಗಿತ್ತು. ಅದು ಸುಳ್ಳಾಗಿತ್ತು. ಯೆರೆಮೀಯ ಹೇಳಿದ್ದು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮದುವೆ ಮಾಡಿಕೊಳ್ಳಿ, ಇರುವ ಊರಿನ ಒಳಿತಿಗೆ ಪ್ರಾರ್ಥಿಸಿ ಎಂದು. ಆ ವಚನದ ಮೇಲೆ ನಿನಗೆ ಸಿಟ್ಟು ಬೇಡ. ಕಾಯುವ ದಿನಗಳಲ್ಲೂ ಬದುಕು ನಡೆಸಿ ಎಂದು ಹೇಳುವ ಪತ್ರ ಅದು. ಅರ್ಜಿ ಹಾಕುತ್ತಿರು, ಸಿಕ್ಕ ಸಣ್ಣ ಕೆಲಸಕ್ಕೂ ಹೋಗು, ಮನೆಯವರಿಂದ ಮುಚ್ಚಿಡಬೇಡ, ಸಾಲದ ಆಪ್‌ಗಳ ಹತ್ತಿರ ಮಾತ್ರ ಹೋಗಬೇಡ.

ದಶಮಾಂಶ ಎಂದರೆ ಬಂದದ್ದರಲ್ಲಿ ಹತ್ತನೇ ಒಂದು ಪಾಲು. ಬಂದೇ ಇಲ್ಲದಿದ್ದರೆ ಯಾವುದರಲ್ಲಿ ಕೊಡುತ್ತೀಯ? ಇಲ್ಲದ್ದನ್ನು ಕೇಳುವುದಿಲ್ಲ, ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು ಎಂದು ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿದೆ. ಇದು ನಿನಗೆ ಶಿಕ್ಷೆಯಲ್ಲ.

ಪ್ರಶ್ನೆ: ನಮ್ಮ ಸಭೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ನಡೆಯುತ್ತಿದೆ. ನೋಡಲು ಹೋಗಬೇಕು, ಆದರೆ ಏನು ಮಾತನಾಡಬೇಕೋ ತಿಳಿಯದೆ ಮುಂದೂಡುತ್ತಿದ್ದೇನೆ. ಯಾವ ವಚನ ಓದಲಿ?

ಉತ್ತರ: ಮೇಲಿನ ತಂಗಿಯ ಕಾಗದವೂ ನಿಮ್ಮದೂ ಒಂದೇ ವಾರ ಬಂದವು, ಅದಕ್ಕೇ ಒಟ್ಟಿಗೆ ಹಾಕಿದ್ದೇನೆ. ಯೋಬನ ಸ್ನೇಹಿತರು ಮಾಡಿದ್ದರಲ್ಲಿ ಸರಿಯಾದದ್ದೂ ಒಂದಿದೆ. ಬಂದವರು ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಕೆಟ್ಟದ್ದು ಬಾಯಿ ಬಿಟ್ಟ ಮೇಲೆ. ನೀವೂ ಹೋಗಿ ಕುಳಿತುಕೊಳ್ಳಿ. ಅವರು ಓದಿ ಎಂದರೆ ಚಿಕ್ಕ ಕೀರ್ತನೆ ಒಂದು ಓದಿ, ಅವರ ಹೆಂಡತಿಯನ್ನೂ ನೀವು ಹೇಗಿದ್ದೀರಿ ಎಂದು ಕೇಳಿ. ಅದನ್ನು ಅವರಿಗೆ ಯಾರೂ ಕೇಳಿರುವುದಿಲ್ಲ.

ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯಬೇಡಿ. ಒಳ್ಳೆಯದೆಂದು ಎಲ್ಲರೂ ಅದನ್ನೇ ತರುತ್ತಾರೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಅವರಿಗೆ ಏನು ಆಗುತ್ತದೆ, ಉಪ್ಪು ಎಷ್ಟು ಎಂದು ಮೊದಲೇ ಫೋನಿನಲ್ಲಿ ಕೇಳಿ. ಡಯಾಲಿಸಿಸ್‌ಗೆ ನಾಲ್ಕು ಗಂಟೆ ಹಿಡಿಯುತ್ತದೆ, ಹೋಗಿ ಬರುವುದು ಬೇರೆ. ವಾರದಲ್ಲಿ ಒಂದು ದಿನ ಅವರ ಜೊತೆ ನೀವು ಹೋಗಿ ಕುಳಿತರೆ ಆಯಮ್ಮ ಮನೆಯಲ್ಲಿ ಮಲಗಬಹುದು. ಮಕ್ಕಳಿಗೆ ಅನ್ನ, ಸಾರು ಕ್ಯಾರಿಯರ್‌ನಲ್ಲಿ ಕೊಟ್ಟು ಬನ್ನಿ, ಕ್ಯಾರಿಯರ್ ವಾಪಸ್ ಕೇಳಲು ಅವಸರ ಮಾಡಬೇಡಿ.