ಊರಿನ ಬಡ ಹುಡುಗಿಗೆ ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿದೆ. ಅಮೆರಿಕದಲ್ಲಿರುವ ನಾನು ಓದಿಗೆ ಹೇಗೆ ಸಹಾಯ ಮಾಡಲಿ?

ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಟ್ಟಿರುವ ಕಡೇ ದಿನಾಂಕ ಯಾವುದೆಂದು ಇವತ್ತೇ ಆಕೆಯನ್ನು ಕೇಳಿ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಿ, ಅಡ್ಮಿಷನ್ ಆರ್ಡರ್ ಡೌನ್‌ಲೋಡ್ ಮಾಡಿಕೊಂಡು, ಮೂಲ ದಾಖಲೆಗಳ ಸಮೇತ ಕಾಲೇಜಿಗೆ ಹಾಜರಾಗಲು ಸಿಗುವುದು ಕೆಲವೇ ದಿನ. ಗಡುವು ತಪ್ಪಿದರೆ ಸೀಟು ಕೈಬಿಟ್ಟಂತೆ. ಮೊದಲ ವರ್ಷದ ಶುಲ್ಕ ಕೆಇಎಗೆ, ಮುಂದಿನ ವರ್ಷಗಳದ್ದು ಕಾಲೇಜಿಗೆ ಹೋಗುತ್ತದೆ. ವಿದೇಶದಿಂದ ಬರುವ ಹಣ ಬ್ಯಾಂಕಿನ ಪರಿಶೀಲನೆಯಲ್ಲಿ ನಿಲ್ಲುವುದುಂಟು, ನಡುವೆ ಶನಿವಾರ ಭಾನುವಾರ ಬಂದರೆ ಮುಗಿಯಿತು. ಹಾಗಾಗಿ ಭಾರತದ ಬ್ಯಾಂಕಿನಲ್ಲಿರುವ ನಿಮ್ಮ ಅನಿವಾಸಿ ಖಾತೆಗೆ (ಎನ್‌ಆರ್‌ಒ ಅಥವಾ ಎನ್‌ಆರ್‌ಇ) ಹಣ ಮೊದಲೇ ತಂದಿಟ್ಟುಕೊಳ್ಳಿ.

ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವಳಾಗಿದ್ದು ಆದಾಯ ಮಿತಿಯೊಳಗಿದ್ದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ ಶುಲ್ಕ ಮರುಪಾವತಿಗೆ ಅರ್ಜಿ ಹಾಕಬಹುದು. ಅದನ್ನು ನೋಡದೆ ಪೂರ್ತಿ ಶುಲ್ಕ ಕೊಟ್ಟರೆ ಸರ್ಕಾರ ಕೊಡಬೇಕಾದದ್ದನ್ನೇ ನೀವು ಕೊಟ್ಟಂತಾಗುತ್ತದೆ. ಅರ್ಜಿ ಕೆಡುವುದು ಬಹಳ ಸಣ್ಣ ಕಾರಣಗಳಿಗೆ: ಆಧಾರ್‌ನಲ್ಲಿರುವ ಹೆಸರಿಗೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಇನಿಷಿಯಲ್ ಹೊಂದದಿರುವುದು, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು, ಬ್ಯಾಂಕ್ ಖಾತೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಆಧಾರ್‌ಗೆ ಜೋಡಣೆಯಾಗದಿರುವುದು. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆ" ಎಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದೇ ಕೇಳಬೇಕು. ಇಷ್ಟೆಲ್ಲ ಸರಿಯಿದ್ದರೂ ಮರುಪಾವತಿ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಶುಲ್ಕ ಕಟ್ಟಲು ಕೈಗಡವಾಗಿ ಕೊಡಿ, ಬಂದ ಮೇಲೆ ಅದೇ ಹಣ ಮುಂದಿನ ವರ್ಷಕ್ಕೆ ಇರಲಿ.

ನನ್ನ ಅಭಿಪ್ರಾಯದಲ್ಲಿ ಇಂಥ ಮಕ್ಕಳನ್ನು ಹಿಂಡುವುದು ಪ್ರತಿ ತಿಂಗಳ ಖರ್ಚು. ಶುಲ್ಕಕ್ಕೆ ಸಾಲವೋ ವಿದ್ಯಾರ್ಥಿವೇತನವೋ ಸಿಗುತ್ತದೆ, ಮೆಸ್ ಬಿಲ್ಲಿಗೆ ಕೊಡುವವರು ಕಡಿಮೆ. ಹಿಂದುಳಿದ ವರ್ಗದವರ ಊಟ-ವಸತಿಗೆಂದು ಇರುವ ವಿದ್ಯಾಸಿರಿ ಯೋಜನೆಯಲ್ಲೂ ಹಣ ಸಿಗುವುದು ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ, ಊರಿಗೆ ಬಸ್ ಚಾರ್ಜು ಇವಕ್ಕೆ ತಿಂಗಳ ಮೊದಲ ವಾರದಲ್ಲೇ ತಪ್ಪದೆ ಹಣ ಸೇರುವಂತೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ಮೊದಲ ವರ್ಷಕ್ಕೆ ಏಪ್ರನ್, ಡಿಸೆಕ್ಷನ್ ಕಿಟ್, ಬೋನ್ ಸೆಟ್ (ಕಲಿಕೆಗೆ ಬೇಕಾದ ಮೂಳೆಗಳು) ಬೇಕು. ಬೋನ್ ಸೆಟ್ ಹೊಸದು ಕೊಡಿಸಬೇಡಿ. ಅದರ ಉಪಯೋಗ ಮೊದಲ ವರ್ಷಕ್ಕಷ್ಟೇ, ಸೀನಿಯರ್‌ಗಳ ಹತ್ತಿರ ಅರ್ಧ ಬೆಲೆಗೆ ತೆಗೆದುಕೊಂಡು ಜೂನಿಯರ್‌ಗಳಿಗೆ ಮಾರುವುದೇ ರೂಢಿ. ಸ್ಟೆತಾಸ್ಕೋಪ್ ಮಾತ್ರ ಒಳ್ಳೆಯದು ಕೊಡಿಸಿ, ವರ್ಷಗಟ್ಟಲೆ ಬಾಳುತ್ತದೆ.

ತೆರಿಗೆಯ ವಿಷಯ. ಸಂಬಂಧಿಯಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಉಡುಗೊರೆ ಬಂದರೆ ಭಾರತದಲ್ಲಿ ಆ ಪೂರ್ತಿ ಮೊತ್ತ ಪಡೆದವರ ಆದಾಯಕ್ಕೆ ಸೇರುತ್ತದೆ. ಒಟ್ಟು ಆದಾಯ ಮಿತಿಯೊಳಗಿದ್ದರೆ ತೆರಿಗೆ ಬೀಳದು, ಆದರೂ ಲೆಕ್ಕ ಇಟ್ಟಿರಬೇಕು. ಒಬ್ಬರ ಹೆಸರಿಗೇ ಮೀಸಲಿಟ್ಟು ಕೊಟ್ಟ ಹಣಕ್ಕೆ ದಾನದ ತೆರಿಗೆ ವಿನಾಯಿತಿ ಇಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ವಿನಾಯಿತಿ ಬೇಕೇ ಬೇಕೆಂದರೆ ಅರ್ಹರನ್ನು ತಾನೇ ಆರಿಸುವ ನೋಂದಾಯಿತ ಸಂಸ್ಥೆಗೆ ಕೊಡಬೇಕು, ಆಗ ಆಯ್ಕೆ ನಿಮ್ಮ ಕೈಲಿರುವುದಿಲ್ಲ. ನೀವು ಅಮೆರಿಕದ ಪ್ರಜೆಯಾಗಿದ್ದು ಇಲ್ಲಿನ ಟ್ರಸ್ಟಿಗೆ ಕೊಡುವುದಾದರೆ ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ಮೊದಲು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಈ ನಿಯಮ ತಾಗುವುದಿಲ್ಲ.

ಸೀಟಿನ ಹೆಸರಲ್ಲಿ ಯಾರಾದರೂ ರಸೀದಿಯಿಲ್ಲದೆ ಹಣ ಕೇಳಿದರೆ ಕೊಡಬೇಡಿ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕ 1984ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ.

ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಕೋರ್ಸಿನ ಕಡೆಯ ಆರು ತಿಂಗಳಿಗೆ ಶುಲ್ಕ ಎಷ್ಟೆಂದು ಕಾಲೇಜಿನಿಂದ ಬರಹದಲ್ಲಿ ಪಡೆಯಲು ಹೇಳಿ. ಮೊದಲ ವರ್ಷದಲ್ಲಿ ಒಂದು ವಿಷಯ ಹೋಯಿತೆಂದು ಸಹಾಯ ನಿಲ್ಲಿಸಬೇಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅನಾಟಮಿಗೆ (ಅಂಗರಚನಾಶಾಸ್ತ್ರ) ಹೊಂದಿಕೊಳ್ಳಲು ಸಮಯ ಬೇಕು, ಪೂರಕ ಪರೀಕ್ಷೆಯೂ ಇದೆ. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಬರುತ್ತದೆ, ಆದರೆ ಮೊದಲ ಕಂತು ಕೈಸೇರುವವರೆಗೆ ಮೆಸ್ ಹಣ ಮುಂದುವರಿಸಿ.