ಆ ಗಿಟಾರ್‌ಗೆ ದಯವಿಟ್ಟು ಪಾಲಿಶ್ ಮಾಡಿಸಬೇಡಿ

ಮೇಡಂ, ನಿಮ್ಮ ಪೋಸ್ಟ್ ನಿನ್ನೆ ರಾತ್ರೀನೇ ನೋಡಿದೆ. ಫೋಟೋಗಳನ್ನ ದೊಡ್ಡದು ಮಾಡಿ ನೋಡ್ತಾ ಕೂತವನಿಗೆ ಉತ್ತರ ಬರೆಯೋಕೆ ಇವತ್ತು ಮಧ್ಯಾಹ್ನ ಆಯ್ತು. ನಿಮ್ಮ ಯಜಮಾನರು 1994ರಲ್ಲಿ ಸ್ಪೇನಿನ ಗ್ರಾನಡಾದಿಂದ ತಂದ ಕೈಕೆಲಸದ ಗಿಟಾರ್. ಮೂವತ್ತು ವರ್ಷ ನುಡಿಸಿದ್ದಾರೆ, ಈಗ ಬೆರಳ ಗಂಟು ನೋವಿನಿಂದ ಮುಟ್ಟೋದಿಲ್ಲ. ಅಂಗಡಿಯವರೊಬ್ಬರು 18,000ಕ್ಕೆ ಕೇಳಿದ್ದಾರೆ. ಇಲ್ಲಿ ಇನ್ನೊಬ್ಬರು "ಪಾಲಿಶ್ ಹೊಡೆಸಿ, ಕೀ (ತಂತಿ ಬಿಗಿಮಾಡೋ ತಿರುಪು) ಬದಲಾಯಿಸಿ, ಹೊಸದರ ಥರ ಕಾಣುತ್ತೆ, 30,000 ಬರುತ್ತೆ" ಅಂದಿದ್ದಾರೆ. ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಕೆಲಸ ಮಾಡಿಸಿದ ಮೇಲೆ 18,000 ಕೂಡ ಜಾಸ್ತಿ ಅನ್ನಿಸೋ ಹಾಗಾಗುತ್ತೆ.

ಇದು ನಾನೇ ಮಾಡಿಕೊಂಡ ಎಡವಟ್ಟು, ಅದಕ್ಕೇ ಇಷ್ಟು ಖಡಾಖಂಡಿತ ಹೇಳ್ತಿದೀನಿ. ನನ್ನ ಮೊದಲನೇ ಕೈಕೆಲಸದ ಗಿಟಾರ್ ಸೆಕೆಂಡ್ ಹ್ಯಾಂಡ್. ಬಲಗೈ ಒರಗೋ ಜಾಗದಲ್ಲಿ ಪಾಲಿಶ್ ಹೋಗಿ ಮರ ಕಾಣ್ತಿತ್ತು, ಕಣ್ಣಿಗೆ ಸಹಿಸ್ತಿರಲಿಲ್ಲ. ನಮ್ಮ ಮನೆ ಬಾಗಿಲುಗಳಿಗೆ ಪಾಲಿಶ್ ಮಾಡಿದ್ದವರಿಗೇ ಕೊಟ್ಟೆ. ಕೆಲಸಗಾರ ಕೆಟ್ಟವನಲ್ಲ, ಅವನ ಕೆಲಸ ಅವನು ನೀಟಾಗಿ ಮಾಡಿದ. ಮರಳುಕಾಗದ ಉಜ್ಜಿ, ಸೀಲರ್ ಹಾಕಿ, ಮೇಲೆ ಮೆಲಮೈನ್ ಎರಡು ಕೋಟ್. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ತಂತಿ ಹಾಕಿ ಮೀಟಿದೆ. ಕಂಬಳಿ ಹೊದ್ದುಕೊಂಡು ಯಾರೋ ಒಳಗಿಂದ ಮಾತಾಡಿದ ಹಾಗಿತ್ತು. ಗಿಟಾರಿನ ಮುಂದಿನ ಹಲಗೆ, ಅಂದ್ರೆ ಟಾಪ್, ಇರೋದೇ ಎರಡು ಎರಡೂವರೆ ಮಿ.ಮೀ. ದಪ್ಪ. ಅದು ನಡುಗಿದರೇನೇ ನಾದ. ಅದನ್ನ ಬಾಗಿಲ ಥರ ಉಜ್ಜಿ, ಮೇಲೆ ಗಟ್ಟಿ ಪೊರೆ ಕೂರಿಸಿದರೆ ಇನ್ನೇನಾಗುತ್ತೆ? ಕೊಂಡ ಬೆಲೆಯ ಅರ್ಧಕ್ಕೆ ಕೊಟ್ಟು ಕೈ ತೊಳೆದುಕೊಂಡೆ.

ನಿಮ್ಮ ಗಿಟಾರಿನ ಮೇಲಿರೋದು ಫ್ರೆಂಚ್ ಪಾಲಿಶ್. ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನ ದಿನಗಟ್ಟಲೆ ಉಜ್ಜಿ ಉಜ್ಜಿ ಹತ್ತಿಸಿದ ತೆಳು ಪದರ ಅದು. ಚನ್ನಪಟ್ಟಣದ ಗೊಂಬೆಗೆ ಹಚ್ತಾರಲ್ಲ, ಅದೇ ಅರಗು. ಜಗತ್ತಿಗೆ ಬೇಕಾದ ಅರಗಿನಲ್ಲಿ ದೊಡ್ಡ ಪಾಲು ನಮ್ಮ ಜಾರ್ಖಂಡ್ ಕಡೆಯಿಂದಲೇ ಹೋಗೋದು. ಆ ಪದರ ಬೆವರಿಗೆ ಕರಗುತ್ತೆ, ಉಗುರಿಗೆ ಗೀರುತ್ತೆ. ಅದು ಅದರ ಸ್ವಭಾವ. ಹಿಂದಿನ ಹಲಗೆ ಫೋಟೋದಲ್ಲಿ ನೋಡಿದರೆ ಬೀಟೆ (ರೋಸ್‌ವುಡ್) ಥರ ಇದೆ. ಅಂದ್ರೆ ನಮ್ಮ ಘಟ್ಟದ ಸಾಲಿನ ಮರ ಸ್ಪೇನಿಗೆ ಹೋಗಿ, ಗಿಟಾರ್ ಆಗಿ, ವಿಮಾನ ಹತ್ತಿ ವಾಪಸ್ ಬಂದಿರಬಹುದು. ಇರಲಿ, ಮಾತು ಎಲ್ಲೋ ಹೋಯ್ತು.

ಮಾರೋ ಮುಂಚೆ ನೀವು ಮನಸ್ಸಿನಲ್ಲಿ ಬೇರೆ ಮಾಡಿಕೊಳ್ಳಬೇಕಾದ್ದು ಒಂದೇ: ಯಾವುದು ಸವೆತ, ಯಾವುದು ಪೆಟ್ಟು. ಕೈ ಒರಗಿ ಪಾಲಿಶ್ ಹೋಗಿರೋದು, ಟಾಪ್ ನಡುವಿನ ರಂಧ್ರದ ಕೆಳಗಿನ ಉಗುರಿನ ಗೀರುಗಳು, ನೆಕ್ (ಎಡಗೈ ಹಿಡಿಯೋ ಉದ್ದ ಕತ್ತು) ಹಿಂದೆ ಹೆಬ್ಬೆರಳು ಓಡಾಡಿ ಮಸುಕಾಗಿರೋದು, ಇವೆಲ್ಲ ಸವೆತ. ಕ್ಲಾಸಿಕಲ್ ಗಿಟಾರ್, ಅಂದ್ರೆ ಇಂಥ ನೈಲಾನ್ ತಂತಿಯ ಗಿಟಾರ್ ನುಡಿಸೋರು ಇದನ್ನ ಕುಂದು ಅಂತ ನೋಡಲ್ಲ. ಯಾರೋ ಮೂವತ್ತು ವರ್ಷ ಬಿಡದೆ ನುಡಿಸಿದ್ದಾರೆ ಅಂದ್ರೆ ವಾದ್ಯದಲ್ಲಿ ಏನೋ ಇದೆ ಅಂತಲೇ ಲೆಕ್ಕ ಹಾಕ್ತಾರೆ. ಪೆಟ್ಟು ಅಂದ್ರೆ ಬಿರುಕು, ಎದ್ದ ಬ್ರಿಡ್ಜ್ (ಟಾಪ್ ಮೇಲೆ ಅಂಟಿಸಿ ತಂತಿ ಕಟ್ಟೋ ಮರದ ತುಂಡು, ವೀಣೆಯವರ ಕುದುರೆ ಥರ), ಬಾಗಿದ ನೆಕ್, ಹಲಗೆಗೆ ಒಳಗಿಂದ ಆಧಾರ ಕೊಡೋ ಪಟ್ಟಿ ಅಂಟು ಬಿಟ್ಟಿರೋದು. ಬೆಲೆ ಇಳಿಸೋದು ಇವು.

ಇದನ್ನ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ನೆಕ್. ಗಿಟಾರನ್ನ ಬಂದೂಕಿನ ಹಾಗೆ ಹಿಡಿದು, ಬ್ರಿಡ್ಜ್ ಕಡೆಯಿಂದ ಒಂದು ಕಣ್ಣಲ್ಲಿ ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ) ಅಂಚು ನೋಡಿ. ಕೂದಲೆಳೆಯಷ್ಟು ಮುಂದಕ್ಕೆ ಬಾಗಿದ್ದರೆ ಸರಿ. ಬಾಳೆಲೆ ಥರ ಬಾಗಿದ್ದರೆ ಖರ್ಚಿನ ವಿಷಯ, ಯಾಕಂದ್ರೆ ಇಂಥ ಹಳೇ ಕ್ಲಾಸಿಕಲ್‌ಗಳಲ್ಲಿ ಸಾಮಾನ್ಯವಾಗಿ ನೆಕ್ ಒಳಗೆ ಬಿಗಿಮಾಡೋ ಕಬ್ಬಿಣದ ಸರಳು ಇರಲ್ಲ. ಆಮೇಲೆ ಹನ್ನೆರಡನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ತಂತಿ ಎಷ್ಟು ಎತ್ತರ ಇದೆ ಅಳೀರಿ. ಮೊದಲ ತಂತಿ (ಅತಿ ತೆಳುವಿನದು) 3 ಮಿ.ಮೀ., ಆರನೇದು (ಅತಿ ದಪ್ಪದ್ದು) 4 ಮಿ.ಮೀ. ಆಸುಪಾಸಿದ್ದರೆ ಯಾರೂ ಚಕಾರ ಎತ್ತಲ್ಲ. ಐದು ದಾಟಿದ್ದರೆ ಸ್ಯಾಡಲ್ ನೋಡಿ. ಸ್ಯಾಡಲ್ ಅಂದ್ರೆ ಬ್ರಿಡ್ಜ್ ಮೇಲಿನ ಬಿಳಿ ಮೂಳೆ ಪಟ್ಟಿ. ಹನ್ನೆರಡನೇ ಫ್ರೆಟ್‌ನಲ್ಲಿ ಒಂದು ಮಿ.ಮೀ. ಇಳಿಸಬೇಕಾದರೆ ಸ್ಯಾಡಲನ್ನ ಎರಡು ಮಿ.ಮೀ. ತೇಯಬೇಕು. ಹಾಗಾಗಿ ಅದು ಇನ್ನೂ ಎದ್ದು ನಿಂತಿದ್ದರೆ ಕಷ್ಟ ಇಲ್ಲ, ಆಗಲೇ ಮರದ ಮಟ್ಟಕ್ಕೆ ಇಳಿದಿದ್ದರೆ ಮುಂದೆ ತೇಯೋಕೆ ಏನೂ ಉಳಿದಿಲ್ಲ. ಕೊಳ್ಳೋಕೆ ಬರೋನು ತಿಳಿದವನಾದರೆ ಮೊದಲು ನೋಡೋದು ಇದನ್ನೇ.

ಬ್ರಿಡ್ಜ್ ಹಿಂದೆ ಟಾಪ್ ಸ್ವಲ್ಪ ಉಬ್ಬಿರೋದು ಕಂಡು ಹೆದರಬೇಡಿ, ಅಷ್ಟು ವರ್ಷದ ಎಳೆತಕ್ಕೆ ಅದು ಸಹಜ. ಬ್ರಿಡ್ಜ್ ಎದ್ದಿದೆಯಾ ಅನ್ನೋದು ಬೇರೆ ಪ್ರಶ್ನೆ. ಅದರ ಹಿಂದಿನ ಅಂಚಿಗೆ ಒಂದು ಬಿಲ್ ಕಾಗದದ ಮೂಲೆ ತೂರಿಸಿ ನೋಡಿ, ಒಳಗೆ ಹೋದರೆ ಅಂಟು ಬಿಡ್ತಿದೆ ಅಂತ ಅರ್ಥ. ಕೊನೆಗೆ ಬೆರಳಿನ ಗೆಣ್ಣಿಂದ ಹಿಂದಿನ ಹಲಗೆಯನ್ನ ಕಲ್ಲಂಗಡಿ ತಟ್ಟಿದ ಹಾಗೆ ಉದ್ದಕ್ಕೂ ತಟ್ಟುತ್ತಾ ಬನ್ನಿ. ಎಲ್ಲಾದರೂ ಟರ್ ಅಂತ ಸದ್ದು ಬಂದರೆ ಅಲ್ಲಿ ಒಳಪಟ್ಟಿ ಸಡಿಲ ಆಗಿದೆ.

ಇನ್ನು ನೀವು ಹೇಳಿದ ಬಿರುಕು. "ಮಾರ್ಚ್‌ನಲ್ಲಿ ಕಾಣ್ತಿತ್ತು, ಈಗ ತಾನಾಗೇ ಸರಿ ಹೋಗಿದೆ" ಅಂತ ಬರೆದಿದ್ದೀರಿ. ಸರಿ ಹೋಗಿಲ್ಲ ಮೇಡಂ. ಬೆಂಗಳೂರಿನ ಬೇಸಿಗೆಯಲ್ಲಿ ಗಾಳಿ ಒಣಗಿದಾಗ ಮರ ಕುಗ್ಗಿ ಬಿರುಕು ಬಾಯಿ ಬಿಡುತ್ತೆ. ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತೆ. ನಮ್ಮ ಹಳೇ ಮನೆ ಬಾಗಿಲು ಆಷಾಢದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಲ್ಲ, ಅದೇ ಲೆಕ್ಕ. ಈಗ ಕಾಣ್ತಿಲ್ಲ ಅಂತ ಹೇಳದೆ ಮಾರಿದರೆ ಮುಂದಿನ ಮಾರ್ಚ್‌ಗೆ ನಿಮಗೆ ಫೋನ್ ಬರುತ್ತೆ. ಇದೊಂದನ್ನ ಮಾತ್ರ ರಿಪೇರಿ ಮಾಡಿಸಿ. ವಾದ್ಯದ ಕೆಲಸ ಗೊತ್ತಿರೋರು ಬಿರುಕಿಗೆ ಅಂಟು ತುಂಬಿ, ಒಳಗಿಂದ ಎಳೆಗೆ ಅಡ್ಡಲಾಗಿ ಸಣ್ಣ ಮರದ ತುಣುಕುಗಳನ್ನ ಕೂರಿಸ್ತಾರೆ. ಸೂಪರ್ ಗ್ಲೂ ಬಿಡ್ತೀನಿ ಅನ್ನೋರ ಕೈಗೆ ಕೊಡಬೇಡಿ. ರಿಪೇರಿಯ ರಸೀದಿ ಇಟ್ಟುಕೊಳ್ಳಿ. ಸರಿಯಾಗಿ ಮುಚ್ಚಿದ ಬಿರುಕನ್ನ ತೋರಿಸಿ ಮಾರಿದರೆ ಸ್ವಲ್ಪ ಬೆಲೆ ಇಳಿಯಬಹುದು, ಮುಚ್ಚಿಟ್ಟು ಮಾರಿದರೆ ಮರ್ಯಾದೆ ಇಳಿಯುತ್ತೆ.

ಕೀ ಬದಲಾಯಿಸೋದು ಬೇಡ. ತಿರುಗಿಸಿದಾಗ ಜಾರದೆ ನಿಂತರೆ ಒಂದು ತೊಟ್ಟು ಮಷೀನ್ ಎಣ್ಣೆ ಸಾಕು. ಮೂಲ ಕೀ ಇರೋದೇ ಬೆಲೆ. ಫ್ರೆಟ್ ಮೇಲೆ ನಾಲ್ಕನೇ ತಂತಿಯ ಕೆಳಗೆ ಸಣ್ಣ ಗುಳಿ ಬಿದ್ದಿರಬಹುದು, ಲೋಹದ ಎಳೆ ಸುತ್ತಿದ ಆ ತಂತಿ ಫ್ರೆಟ್‌ನ ಲೋಹವನ್ನ ತಿನ್ನುತ್ತೆ. ಕಿರ್ ಅಂತ ಸದ್ದು ಬರದಿದ್ದರೆ ಹಾಗೇ ಬಿಡಿ, ಕೊಂಡವರು ಅವರಿಗೆ ಬೇಕಾದ ಹಾಗೆ ಮಾಡಿಸಿಕೊಳ್ತಾರೆ.

ಖರ್ಚು ಮಾಡಲೇಬೇಕಾದ್ದು ಹೊಸ ತಂತಿಗೆ. ನಾರ್ಮಲ್ ಟೆನ್ಷನ್ ನೈಲಾನ್ ಸೆಟ್ ತನ್ನಿ, ಹಾರ್ಡ್ ಟೆನ್ಷನ್ ಬೇಡ, ಹಳೇ ಟಾಪ್‌ಗೆ ಯಾಕೆ ಹೆಚ್ಚಿನ ಭಾರ. ಸ್ಟೀಲ್ ತಂತಿಯಂತೂ ಯಾರು ಹೇಳಿದರೂ ಹಾಕಬೇಡಿ, ಬ್ರಿಡ್ಜ್ ಕಿತ್ತು ಬರುತ್ತೆ. ನೈಲಾನ್ ಶ್ರುತಿಗೆ ಕೂರೋಕೆ ನಾಲ್ಕೈದು ದಿನ ಬೇಕು. ಹಾಗಾಗಿ ಜನರನ್ನ ಕರೆಯೋ ವಾರದ ಮುಂಚೆ ಹಾಕಿ, ದಿನಾ ಶ್ರುತಿ ಮಾಡ್ತಿರಿ. ನೋಡೋಕೆ ಬಂದವರ ಎದುರಿಗೆ ತಂತಿ ಇಳೀತಾ ಇದ್ದರೆ ಗಿಟಾರೇ ಸರಿ ಇಲ್ಲ ಅಂದುಕೊಳ್ತಾರೆ.

ಬೆಲೆ ವಿಷಯ. ಇಂದು ಗ್ರಾನಡಾದ ಒಳ್ಳೇ ಕೈಯಿಂದ ಹೊಸ ಗಿಟಾರ್ ಬೇಕಂದ್ರೆ 3,000 ಯೂರೋ ಒಳಗೆ ಸಿಗೋದು ಕಷ್ಟ. ಮೇಲೆ ಸಾಗಣೆ, ಕಸ್ಟಮ್ಸ್. ನಿಮ್ಮದು ಆಗಲೇ ದೇಶದ ಒಳಗಿದೆ, ಅದೊಂದು ದೊಡ್ಡ ಅನುಕೂಲ. ಆದರೆ ನಮ್ಮಲ್ಲಿ ಹಳೇ ಗಿಟಾರ್ ಸಂಗ್ರಹ ಮಾಡೋ ಜನ ಬೆರಳೆಣಿಕೆ. ಕೊಳ್ಳೋರು ಮೇಷ್ಟ್ರುಗಳು, ಇಲ್ಲಾ ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯ ಮೇಲಿನ ಗ್ರೇಡ್‌ಗೆ ಬಂದು ಯಮಹಾ ಸಿ40 ಥರದ ಕಲಿಕೆಯ ಗಿಟಾರ್ ಸಾಕಾಗದೆ ಒದ್ದಾಡ್ತಿರೋ ಮಕ್ಕಳ ಅಪ್ಪ ಅಮ್ಮ. ಅವರು ನಾದಕ್ಕೆ ಕೊಡ್ತಾರೆ, ಹೆಸರಿಗಲ್ಲ. ನೆಕ್ ನೆಟ್ಟಗಿದ್ದು ಬಿರುಕು ಸರಿ ಮಾಡಿಸಿದ್ದರೆ ನಾನು 1,25,000 ಅಂತ ಹಾಕಿ, 90,000ದ ಕೆಳಗೆ ಇಳೀತಿರಲಿಲ್ಲ. ಇದು ನನ್ನ ಅಂದಾಜು ಅಷ್ಟೇ. ನೆಕ್ ಬಾಗಿದ್ದರೆ ಈ ಲೆಕ್ಕ ಎಲ್ಲ ಬಿದ್ದುಹೋಗುತ್ತೆ. ಅಂಗಡಿಯವರನ್ನ ಬೈಯಬೇಡಿ, ಅವರೂ ಲಾಭ ಇಟ್ಟೇ ಮಾರಬೇಕಲ್ಲ. ಆದರೂ 18,000 ಅಂದ್ರೆ ಕಾರ್ಖಾನೆ ಮಾಲಿಗೆ ಕೇಳೋ ಬೆಲೆ.

ಮಗ ಅಮೆರಿಕಕ್ಕೆ ತರಿಸಿಕೊಂಡು ಮಾರ್ತೀನಿ ಅಂದಿದ್ದಾನಂತಲ್ಲ, ಅದಕ್ಕೆ ಮುಂಚೆ ಹಿಂದಿನ ಹಲಗೆ ನಿಜಕ್ಕೂ ಯಾವ ಮರ ಅಂತ ತಿಳಿದವರಿಂದ ಖಚಿತ ಮಾಡಿಕೊಳ್ಳಿ. ಬ್ರೆಜಿಲಿನ ರೋಸ್‌ವುಡ್ 1992ರಿಂದ ಸೈಟೀಸ್ (ಅಳಿವಿನ ಅಪಾಯದ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ) ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ಗಡಿ ದಾಟಿಸಿದರೆ ವಾದ್ಯ ಜಪ್ತಿಯಾಗಬಹುದು. ನಮ್ಮ ಬೀಟೆ ಅಷ್ಟು ಬಿಗಿಯಿಲ್ಲದ ಇನ್ನೊಂದು ಪಟ್ಟಿಯಲ್ಲಿದೆ, ಆದರೆ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ಸೈಟೀಸ್ ವಿನಾಯಿತಿ ಇದೆ. ಅಷ್ಟಾದರೂ ಅಲ್ಲಿಗೆ ಕಳಿಸೋ ತಲೆನೋವಿಗಿಂತ ಇಲ್ಲೇ ಕೊಡೋದು ವಾಸಿ ಅಂತ ನನಗನ್ನಿಸುತ್ತೆ.

ಜಾಹೀರಾತಿನ ಫೋಟೋಗಳನ್ನ ಬೆಳಗಿನ ಬೆಳಕಲ್ಲಿ ಕಿಟಕಿ ಪಕ್ಕ ತೆಗೀರಿ, ಫ್ಲ್ಯಾಶ್ ಬೇಡ. ಸವೆದ ಜಾಗವನ್ನ ಹತ್ತಿರದಿಂದ, ಬಿರುಕನ್ನ ಇನ್ನೂ ಹತ್ತಿರದಿಂದ. ಮೊಬೈಲ್ ಟಾರ್ಚ್ ಹಾಕಿ ಒಳಗಿನ ಲೇಬಲ್. ಈಗ ಹಾಕಿರೋ ಫೋಟೋದಲ್ಲಿ ವರ್ಷ, ಸಹಿ ಎರಡೂ ಓದೋಕಾಗ್ತಿಲ್ಲ, "ಕ್ವೆಸ್ತಾ ದೆ ಗೊಮೆರೆಸ್" ಅನ್ನೋದಷ್ಟೇ ಕಂಡ ಹಾಗಾಯ್ತು. ಅದು ಗ್ರಾನಡಾದ ಅಲ್ಹಾಂಬ್ರಾ ಅರಮನೆಗೆ ಹತ್ತೋ ದಾರಿಯ ಬೀದಿ, ಗಿಟಾರ್ ಮಾಡೋರ ಅಂಗಡಿಗಳಿಗೇ ಹೆಸರಾದದ್ದು. ಜೊತೆಗೆ ಒಂದು ರೆಕಾರ್ಡಿಂಗ್. ಫೋನನ್ನ ಒಂದೂವರೆ ಮೀಟರ್ ದೂರ ಇಟ್ಟು, ಆರೂ ತಂತಿಗಳಲ್ಲಿ ಖಾಲಿ ಸ್ವರದಿಂದ (ಎಲ್ಲೂ ಒತ್ತದೆ ಮೀಟಿದ್ದು) ಹನ್ನೆರಡನೇ ಫ್ರೆಟ್‌ವರೆಗೆ ಒಂದೊಂದೇ ನಿಧಾನ ನುಡಿಸಿ. ಕೇಳೋಕೆ ಬೇಜಾರು, ಆದರೆ ಗೊತ್ತಿರೋನಿಗೆ ಯಾವ ಸ್ವರ ಸತ್ತಿದೆ, ಯಾವುದು ಕಿರ್ ಅನ್ನುತ್ತೆ ಅಂತ ಅಷ್ಟರಲ್ಲೇ ತಿಳಿಯುತ್ತೆ. ಅಷ್ಟಕ್ಕೆ ಯಜಮಾನರ ಬೆರಳು ಸಾಲುತ್ತೆ ಅಂದುಕೊಂಡಿದೀನಿ. ಯಾವಾಗ ಕೊಂಡರು, ಎಲ್ಲಿ ಇಟ್ಟಿದ್ದರು, ಏನು ರಿಪೇರಿ ಆಗಿದೆ ಅಂತ ಅವರ ಕೈಲೇ ನಾಲ್ಕು ಸಾಲು ಬರೆಸಿ.

ಹಣದ ವಿಷಯದಲ್ಲಿ ಹುಷಾರು. ನೋಡದೇ "ಫಿಕ್ಸ್ ಮಾಡಿ" ಅನ್ನೋರು, ಮಿಲಿಟರಿಯಲ್ಲಿದೀನಿ ಅನ್ನೋರು, ದುಡ್ಡು ಕಳಿಸೋಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನೋರು ಬಂದೇ ಬರ್ತಾರೆ. ದುಡ್ಡು ಬರೋಕೆ ಯುಪಿಐ ಪಿನ್ ಒತ್ತೋ ಅಗತ್ಯವೇ ಇಲ್ಲ, ಪಿನ್ ಕೇಳಿದ ತಕ್ಷಣ ಫೋನ್ ಇಡಿ. ಸಾಧ್ಯವಾದಷ್ಟೂ ಮನೆಗೆ ಬಂದು, ಅರ್ಧ ಗಂಟೆ ಕೂತು ನುಡಿಸಿ ಕೊಳ್ಳೋರಿಗೇ ಕೊಡಿ. ಪೂರ್ತಿ ಹಣ ಇಟ್ಟು ಎರಡು ದಿನ ಮನೆಗೆ ಒಯ್ದು ನೋಡ್ತೀನಿ ಅಂದ್ರೆ ಒಪ್ಪಿಕೊಳ್ಳಿ. ನಾನು ನನ್ನದನ್ನ ಕೊಟ್ಟಿದ್ದು ಹಾಗೇ, ಒಯ್ದವರು ಇಷ್ಟಪಟ್ಟು ಇಟ್ಟುಕೊಂಡರು, ಗಿಟಾರ್ ವಾಪಸ್ ಬರಲಿಲ್ಲ. ಕೊರಿಯರ್ ಮಾಡಲೇಬೇಕಾದರೆ ತಂತಿಗಳನ್ನ ಎರಡು ಮೂರು ಸ್ವರ ಇಳಿಸಿ, ಹಾರ್ಡ್ ಕೇಸ್ ಒಳಗೆ ತಲೆಯ ಕೆಳಗೂ ಎರಡು ಪಕ್ಕಕ್ಕೂ ಹಳೇ ಟವೆಲ್ ಒತ್ತಾಗಿ ತುಂಬಿ. ದಾರಿಯಲ್ಲಿ ಮುರಿಯೋದು ಹೆಚ್ಚಾಗಿ ನೆಕ್ಕಿಗೆ ತಲೆ ಸೇರೋ ಜಾಗ. ಕೇಸನ್ನ ಇನ್ನೊಂದು ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಕಳಿಸಿ.

ಈ ವಾರ ಲೇಬಲ್ ಫೋಟೋ ಮತ್ತು ಸ್ಯಾಡಲ್‌ನ ಪಕ್ಕದಿಂದ ತೆಗೆದ ಒಂದು ಫೋಟೋ ಇಲ್ಲಿ ಹಾಕಿ. ಬರೋ ಭಾನುವಾರ ನಾನು ಬೆಂಗಳೂರಿನಲ್ಲೇ ಇರ್ತೀನಿ, ಹಲ್ಲಿನ ಡಾಕ್ಟರ್ ಇಟ್ಟುಕೊಳ್ಳೋ ಥರದ ಪುಟ್ಟ ಕನ್ನಡಿ ನನ್ನ ಹತ್ತಿರ ಇದೆ, ಒಳಗಿನ ಪಟ್ಟಿಗಳನ್ನ ನೋಡಿಕೊಡ್ತೀನಿ. ಅಲ್ಲೀವರೆಗೆ ಅಂಗಡಿಯವರಿಗೆ "ಯಜಮಾನರನ್ನ ಕೇಳಿ ಹೇಳ್ತೀನಿ" ಅಂದುಬಿಡಿ.